ಮರವಾಗಿ ಬಗ್ಗುವುದು

ಬಾಗಲಕೋಟೆಯ ಒಂದು ಅಡಿಗೆಮನೆ. ಹೊರಗೆ ಚೈತ್ರದ ಬಿಸಿಲು ಕಾದ ಹಂಚಿನಂತೆ ಹರಡಿಕೊಂಡಿದೆ. ಸೊಸೆ ಜೋಳದ ಹಿಟ್ಟಿಗೆ ಬಿಸಿನೀರು ಸುರಿದು ನಾದಲು ಕುಳಿತಿದ್ದಾಳೆ. ಅಂಗೈಯ ಭಾರ ಬಿದ್ದಾಗಲೆಲ್ಲ ಕೊಣಮಿಗೆಯು ಟಕ್ಕೆಂದು ಒಂದು ಬದಿಗೆ ವಾಲುತ್ತದೆ. ಕೈಯೆತ್ತಿದೊಡನೆ ಟಕ್ಕೆಂದು ಹಿಂದಿರುಗುತ್ತದೆ. ಕೊಣಮಿಗೆಯೆಂದರೆ ಹಿಟ್ಟು ನಾದುವುದಕ್ಕಾಗಿ ಒಂದೇ ದಿಮ್ಮಿಯಿಂದ ತೋಡಿ ತೆಗೆದ ಅಗಲವಾದ ಮರದ ಮರಿಗೆ. ದಕ್ಷಿಣದ ಜಿಲ್ಲೆಗಳ ಓದುಗರು ಇದನ್ನು ಕಂಡಿರಲಾರರು. ಕಂಡಿದ್ದರೂ ಬೇರೆ ಹೆಸರಿನಿಂದ ಬಲ್ಲರು.

“ಅತ್ಯಾರ, ಇದು ಪೂರಾ ಸೊಟ್ಟ ಆಗೇತಿ ನೋಡ್ರಿ. ಇನ್ನ ಇದನ್ನ ಒಲಿಗೆ ಹಾಕೋದ ಚಲೋ. ಪ್ಯಾಟ್ಯಾಗ ಸ್ಟೀಲಿನ ಪರಾತ ಸಿಗತಾವ.”

ಅತ್ತೆ ಜೋಳ ಹಸನು ಮಾಡುತ್ತಿದ್ದ ಕೈಯನ್ನು ನಿಲ್ಲಿಸುವುದಿಲ್ಲ. “ಅದು ಈ ಮನಿಗೆ ಬಂದ ವರ್ಷನ ಸೊಟ್ಟ ಆತು, ತಂಗಿ. ಅದರಾಗ ನಾದಿದ ರೊಟ್ಟಿ ತಿಂದ ನಿನ್ನ ಗಂಡ ದೊಡ್ಡಾಂವ ಆಗ್ಯಾನ. ಬುಡಕ ಒಂದು ಅರಿವಿ ಇಡು, ಸುಮ್ಮನ ಕುಂದರತೈತಿ.”

ಇಂತಹ ಮಾತು ಒಂದೇ ಮನೆಯದಲ್ಲ. ಮರದ ಪಾತ್ರೆಯಿರುವ ಮನೆಗಳಲ್ಲೆಲ್ಲ ಒಂದಲ್ಲ ಒಂದು ದಿನ ಈ ವ್ಯಾಜ್ಯ ಹುಟ್ಟಿಯೇ ತೀರುತ್ತದೆ. ಪಾತ್ರೆ ಸೊಟ್ಟಗಾಯಿತೆಂದರೆ ಮೊದಲನೆಯ ದೂರು ಬಡಿಗನ ಮೇಲೆ: ಹಸಿ ಕಟ್ಟಿಗೆ ಕೊಟ್ಟು ಮೋಸ ಮಾಡಿದ. ಎರಡನೆಯ ದೂರು ಮರದ ಮೇಲೆ: ಜಾತಿ ಒಳ್ಳೆಯದಲ್ಲ. ಬಡಿಗನಲ್ಲಿ ಮೋಸ ಇರಲೂಬಹುದು, ಇಲ್ಲದಿರಲೂಬಹುದು. ಆದರೆ ಹಸಿಯಾಗಿರುವಾಗಲೇ ರೂಪ ಪಡೆದ ಪಾತ್ರೆಯ ಕೊನೆಯ ಕೆಲಸವು ಉಳಿಯದಲ್ಲ, ನೀರಿನದು. ಬಡಿಗನು ಉಳಿಯನ್ನು ಕೆಳಗಿಟ್ಟು ಕೂಲಿ ಪಡೆದು ಮನೆಗೆ ಹೋದ ಮೇಲೆ ಆ ಕೆಲಸ ಆರಂಭವಾಗಿ ತಿಂಗಳುಗಟ್ಟಲೆ ನಡೆಯುತ್ತದೆ. ಈ ವಿಷಯವನ್ನು ತಿಳಿದೇ ಹಸಿಮರಕ್ಕೆ ಕೈಯಿಕ್ಕುವ ಕಸುಬುದಾರರು ಲೋಕದಲ್ಲಿ ಹಿಂದೆಯೂ ಇದ್ದರು, ಈಗಲೂ ಇದ್ದಾರೆ.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ” ಎಂದು ಹಿರಿಯರು ಮಕ್ಕಳನ್ನು ಗದರಿಸುವುದುಂಟು. ನಡತೆಯ ವಿಷಯದಲ್ಲಿ ಆ ಗಾದೆ ಎಷ್ಟು ನಿಜವೋ ಏನೋ, ಮರದ ವಿಷಯದಲ್ಲಂತೂ ಅದು ಪೂರ್ಣ ಸತ್ಯವಲ್ಲ. ಮರವಾದ ಮೇಲೂ, ಕೊಡಲಿಗೆ ಬಿದ್ದು ದಿಮ್ಮಿಯಾದ ಮೇಲೂ, ದಿಮ್ಮಿ ಬಟ್ಟಲಾದ ಮೇಲೂ ಅದು ಬಗ್ಗುತ್ತದೆ. ಅಂದಹಾಗೆ ಈ ಗಾದೆಯನ್ನು ಬಾದಾಮಿ, ಹುನಗುಂದದ ಕಡೆ ಹೇಳಿದರೆ ಕೇಳಿದವರು ಒಂದು ಗಳಿಗೆ ತಡವರಿಸಿಯಾರು. ಆ ಸೀಮೆಯಲ್ಲಿ ನೂರು ವರ್ಷದ ಬೇವೂ ‘ಬೇವಿನ ಗಿಡ’ವೇ, ‘ಮರ’ ಎಂದರೆ ಧಾನ್ಯ ಕೇರುವ ಮೊರ.

ಮಾತಿನ ಪ್ರಸ್ತಾಪ ಬಂದಿತಾಗಿ, ಇನ್ನೊಂದು ಮಾತನ್ನೂ ಇಲ್ಲಿ ನೋಡಬೇಕು. ಕನ್ನಡದಲ್ಲಿ ‘ಕಡೆ’ ಎಂಬ ಧಾತು ಒಂದೇ. ಅದರಿಂದ ಮೊಸರನ್ನೂ ಕಡೆಯುತ್ತಾರೆ, ಕಲ್ಲನ್ನೂ ಕಡೆಯುತ್ತಾರೆ, ತಿರುಗಣೆಗೆ ಕೊಟ್ಟ ಕೊರಡನ್ನೂ ಕಡೆಯುತ್ತಾರೆ. ಮೊಸರಿಗೂ ಕೊರಡಿಗೂ ಇರುವ ಹೋಲಿಕೆ ಹಳೆಯ ತಿರುಗಣೆಯನ್ನು ಕಂಡವರಿಗೆ ಕೂಡಲೇ ಹೊಳೆಯುತ್ತದೆ. ಎರಡು ಕಬ್ಬಿಣದ ಮೊನೆಗಳ ನಡುವೆ ಕೊರಡನ್ನು ಸಿಕ್ಕಿಸಿ, ಅದಕ್ಕೆ ಹಗ್ಗವನ್ನು ಒಂದೆರಡು ಸುತ್ತು ಸುತ್ತಿ, ಕಡಗೋಲಿನ ಹಗ್ಗದಂತೆಯೇ ಒಮ್ಮೆ ಈ ತುದಿ ಒಮ್ಮೆ ಆ ತುದಿ ಎಳೆಯುತ್ತಾರೆ. ಹಗ್ಗದ ಬದಲು ಬಿಲ್ಲು ಕಟ್ಟಿ, ಒಬ್ಬನೇ ನೆಲದ ಮೇಲೆ ಕುಳಿತು ಒಂದು ಕೈಯಿಂದ ಬಿಲ್ಲನ್ನು ಆಡಿಸುತ್ತ, ಇನ್ನೊಂದು ಕೈಯಲ್ಲಿಯೂ ಕಾಲ್ಬೆರಳ ಸಂದಿನಲ್ಲಿಯೂ ಉಳಿಯನ್ನು ಹಿಡಿದು ಕೆಲಸ ಮಾಡುವುದೂ ಉಂಟು. ಕೊರಡು ಉಳಿಯ ಕಡೆಗೆ ತಿರುಗಿದಾಗ ಮಾತ್ರ ಕೊಯ್ತ. ಹಿಂದಕ್ಕೆ ತಿರುಗುವಾಗ ಉಳಿಗೆ ವಿಶ್ರಾಂತಿ. ವಿದ್ಯುತ್ತಿನ ಯಂತ್ರ ಬಂದ ಮೇಲೆ ಆ ವಿಶ್ರಾಂತಿ ಹೋಯಿತು, ಹೋಲಿಕೆಯೂ ಮರೆಯಾಯಿತು. ಧಾತು ಮಾತ್ರ ಉಳಿದುಕೊಂಡಿದೆ.

ಕಲ್ಲಿನ ವಿಷಯಕ್ಕೆ ಬಂದರೆ, ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳ ಕಂಬಗಳನ್ನು ನೆನೆಯದೆ ಇರುವುದಾಗದು. ಲಕ್ಕುಂಡಿಯಲ್ಲಿ, ಕ್ರಿ. ಶ. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದಲ್ಲಿ ನಿಂತಿರುವ ಕಂಬಗಳ ನುಣುಪಾದ ಬಳೆಗಳನ್ನು ಕಂಡರೆ ಅವು ತಿರುಗಣೆಯಲ್ಲಿ ರೂಪುಗೊಂಡವೆಂದು ಹೇಳದಿರಲಾಗುವುದಿಲ್ಲ. ಅದಕ್ಕೆ ಆರಿಸಿದ ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಡಸಾಗುತ್ತದೆಂಬುದು ಬಲ್ಲವರ ಮಾತು. ಎಂದರೆ ಶಿಲ್ಪಿಗಳೂ ಕಲ್ಲು ‘ಹಸಿ’ಯಾಗಿರುವಾಗಲೇ ಕೈಯಿಕ್ಕುತ್ತಿದ್ದರು. ಆದರೆ ಒಂದು ವ್ಯತ್ಯಾಸವುಂಟು: ಕಲ್ಲು ಒಣಗಿದರೂ ದುಂಡಗಿನ ಕಂಬ ದುಂಡಗೆಯೇ ಇರುತ್ತದೆ; ಮರ ಹಾಗಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಲಾಡಖಾನ್ ಗುಡಿಯ ಮಾಡನ್ನು ತಲೆಯೆತ್ತಿ ನೋಡಿದವರಿಗೆ ಒಂದು ಸಂಗತಿ ಕಾಣುತ್ತದೆ. ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದುಗಳ ಮೇಲೆ ಉದ್ದುದ್ದನೆಯ ಕಲ್ಲಿನ ಪಟ್ಟಿಗಳನ್ನು ಮರದ ತೊಲೆಗಳಂತೆ ಮಲಗಿಸಿದ್ದಾರೆ. ಮರದ ಮನೆ ಕಟ್ಟಿ ಪಳಗಿದ ಕೈಗಳು ಕಲ್ಲಿಗೆ ಬಂದಾಗಲೂ ಮರದ ಪಾಠವನ್ನು ಮರೆತಿರಲಿಲ್ಲವೆಂದು ಪಂಡಿತರು ಇದನ್ನು ವಿವರಿಸುತ್ತಾರೆ. ಮರದ ಮನೆಯಲ್ಲಿ ಸಂದು ತೆರೆಯುವುದು ಹಲಗೆ ಒಣಗಿ ಕುಗ್ಗುವುದರಿಂದ. ಆ ಪಾಠದಲ್ಲಿ ಇದೂ ಸೇರಿದ್ದೀತು.

ಹಾಗಾದರೆ ಮರ ಕುಗ್ಗುವುದೇಕೆ? ಆಗ ತಾನೆ ಕಡಿದ ದಿಮ್ಮಿಯಲ್ಲಿ ನೀರು ಅಪಾರವಾಗಿರುತ್ತದೆ. ಕೆಲವು ಜಾತಿಗಳಲ್ಲಿ ಒಣಗಿದ ಮರದ ತೂಕದಷ್ಟೇ ತೂಕದ ನೀರು ಇರುವುದುಂಟು. ಈ ನೀರಿನಲ್ಲಿ ಎರಡು ಬಗೆ. ಮರದ ಒಡಲೆಂದರೆ ಕೊಳವೆಗಳಂತಹ ಅಸಂಖ್ಯ ಜೀವಕೋಶಗಳ ಕಟ್ಟು. ಕೊಳವೆಯ ಟೊಳ್ಳಿನಲ್ಲಿ ತುಂಬಿದ ನೀರು ಒಂದು, ಕೊಳವೆಯ ಗೋಡೆಯೊಳಗೆ ಹೀರಿಕೊಂಡು ಕುಳಿತ ನೀರು ಇನ್ನೊಂದು. ಟೊಳ್ಳಿನ ನೀರು ಮೊದಲು ಹೋಗುತ್ತದೆ. ಅದು ಹೋದರೆ ಮರದ ತೂಕ ಇಳಿಯುತ್ತದೆಯೇ ಹೊರತು ಅಳತೆ ಬದಲಾಗುವುದಿಲ್ಲ. ಕೊಡದ ನೀರು ಚೆಲ್ಲಿದರೆ ಕೊಡ ಚಿಕ್ಕದಾಗುವುದೇ? ತೇವವು ಒಣಮರದ ತೂಕದ ನೂರಕ್ಕೆ ಸುಮಾರು 30 ಪಾಲಿಗೆ ಇಳಿದಾಗ ಟೊಳ್ಳುಗಳೆಲ್ಲ ಬರಿದಾಗಿ, ಗೋಡೆಯ ನೀರಿನ ಸರದಿ ಬರುತ್ತದೆ. ಅಲ್ಲಿಂದ ಕುಗ್ಗುವಿಕೆ ಆರಂಭ. ಹೊಸ ಪಾತ್ರೆ ಕೆಲವು ದಿನ ಸುಮ್ಮನಿದ್ದು ಆಮೇಲೆ ಸೊಟ್ಟಗಾಗುವುದರ ಗುಟ್ಟು ಇದೇ. ಸಂತೆಯಲ್ಲಿ ಕೊಂಡಾಗ ದುಂಡಗಿತ್ತೆಂದು ಮನೆಯೊಡತಿ ಆಣೆಯಿಡುವುದೂ ನಿಜ, ದುಂಡಗೇ ಕೊಟ್ಟೆನೆಂದು ಬಡಿಗನು ಹೇಳುವುದೂ ನಿಜ.

ಎಲ್ಲ ಕಡೆಗೂ ಸಮನಾಗಿ ಕುಗ್ಗಿದ್ದರೆ ತಂಟೆಯೇ ಇರಲಿಲ್ಲ. ದೊಡ್ಡ ಬಟ್ಟಲು ಸ್ವಲ್ಪ ಸಣ್ಣ ಬಟ್ಟಲಾಗುತ್ತಿತ್ತು, ಅಷ್ಟೆ. ಮರವು ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ತಿರುಳಿನಿಂದ ತೊಗಟೆಯ ದಿಕ್ಕಿಗೆ ಸ್ವಲ್ಪ ಕುಗ್ಗುತ್ತದೆ. ವರ್ಷ ವರ್ಷವೂ ಬೆಳೆದ ಉಂಗುರಗಳ ಸುತ್ತಿನ ದಿಕ್ಕಿಗೆ ಅದರ ಎರಡರಷ್ಟು ಕುಗ್ಗುತ್ತದೆ. ಸಾಗುವಾನಿಯನ್ನೇ ತೆಗೆದುಕೊಳ್ಳಿ, ಸ್ಥಿರತೆಗೆ ಅದಕ್ಕಿಂತ ಹೆಸರಾದ ಮರ ನಮ್ಮ ನಾಡಿನಲ್ಲಿ ವಿರಳ. ಹಸಿಯಿಂದ ಪೂರ್ತಿ ಒಣಗುವವರೆಗೆ ಅದು ತೊಗಟೆಯ ದಿಕ್ಕಿಗೆ ನೂರಕ್ಕೆ ಎರಡೂವರೆ ಪಾಲು, ಉಂಗುರದ ದಿಕ್ಕಿಗೆ ಆರಕ್ಕೆ ತುಸು ಕಡಿಮೆ ಕುಗ್ಗುತ್ತದೆ. ಮನೆಯಲ್ಲಿಟ್ಟ ವಸ್ತು ಪೂರ್ತಿ ಒಣಗುವುದಿಲ್ಲ. ಆದ್ದರಿಂದ ಇದರಲ್ಲಿ ಮೂರನೆಯ ಎರಡು ಪಾಲು ಲೆಕ್ಕ ಹಿಡಿಯಬೇಕು. ಆದರೂ ಹಸಿ ಸಾಗುವಾನಿಯಲ್ಲಿ 30 ಸೆಂಟಿಮೀಟರು ಅಡ್ಡಗಲದ ದುಂಡು ಬಟ್ಟಲನ್ನು ಕಡೆದರೆ, ಒಣಗಿದ ಮೇಲೆ ಎಳೆಯ ಉದ್ದಕ್ಕೆ ಅದು 30 ಆಗಿಯೇ ಉಳಿದು, ಅಡ್ಡಕ್ಕೆ ಒಂದು ಸೆಂಟಿಮೀಟರಿಗೂ ಮಿಗಿಲಾಗಿ ಕಡಿಮೆಯಾಗಿರುತ್ತದೆ. ಕಣ್ಣಿಗೆ ಕಾಣುವಷ್ಟು ಮೊಟ್ಟೆಯಾಕಾರ. ಸಾಗುವಾನಿಯ ಪಾಡೇ ಹೀಗಾದರೆ ಹೆಚ್ಚು ಕುಗ್ಗುವ ಮರಗಳ ಪಾಡನ್ನು ಊಹಿಸಿಕೊಳ್ಳಬಹುದು.

ಕಸುಬು ಬಲ್ಲವನು ಹಸಿಮರದ ಬಟ್ಟಲಿಗೆ ದಿಮ್ಮಿಯನ್ನು ಮೊದಲು ಉದ್ದುದ್ದವಾಗಿ ಎರಡಾಗಿ ಸೀಳುತ್ತಾನೆ. ನಡುವಣ ತಿರುಳು ಬಟ್ಟಲಿನಲ್ಲಿ ಉಳಿಯಬಾರದು. ಉಳಿದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಅರ್ಧದಿಮ್ಮಿಯನ್ನು ಕೊಡಲಿಯಿಂದ ದುಂಡಗೆ ಸವರಿ ತಿರುಗಣೆಗೆ ಏರಿಸುತ್ತಾನೆ. ಒಣಮರವನ್ನು ಕಡೆಯುವವನ ಮೈಮೇಲೆ ಧೂಳು ಕೂರುತ್ತದೆ. ಹಸಿಮರವನ್ನು ಕಡೆಯುವವನ ಮೈಮೇಲೆ ನೀರು ಸಿಡಿಯುತ್ತದೆ. ಉಳಿ ತಾಗಿದೊಡನೆ ಹಸಿ ಎಳೆಗಳು ಉದ್ದನೆಯ ಸುರುಳಿ ಸುರುಳಿಯಾಗಿ ಎದ್ದು ಭುಜದ ಮೇಲೆ ಬೀಳುತ್ತವೆ. ಉಳಿಯ ಬಾಯಿ ಬೇಗ ಮೊಂಡಾಗುವುದಿಲ್ಲ, ತೋಳಿಗೆ ಆಯಾಸವೂ ಕಡಿಮೆ. ಕೈಯಿಂದ ಎಳೆಯುವ ತಿರುಗಣೆಯ ಕಾಲದಲ್ಲಿ ದೊಡ್ಡ ಬಟ್ಟಲನ್ನು ಒಣಮರದಲ್ಲಿ ಕಡೆಯುವುದೆಂದರೆ ಆಳನ್ನು ಕೊಲ್ಲುವ ಕೆಲಸ. ಹಸಿಮರವನ್ನು ಆರಿಸಿದ್ದು ಚೆಲುವಿಗಾಗಿ ಅಲ್ಲ, ತೋಳಿನ ಉಳಿವಿಗಾಗಿ ಎಂಬುದನ್ನು ಮರೆಯಬಾರದು.

ಇನ್ನು ಅವನ ಜಾಣತನವೆಲ್ಲ ಗೋಡೆಯ ದಪ್ಪದಲ್ಲಿದೆ. ಅಂಚಿನಿಂದ ತಳದವರೆಗೆ ದಪ್ಪ ಒಂದೇ ಸಮನಾಗಿರಬೇಕು, ತೆಳುವಾಗಿಯೂ ಇರಬೇಕು. ಅಂಚು ತೆಳುವಾಗಿ ತಳ ದಪ್ಪವಾದರೆ ಅಂಚು ಮೊದಲು ಒಣಗಿ ಕುಗ್ಗಲು ಹವಣಿಸುತ್ತದೆ. ಇನ್ನೂ ನೀರುಂಡು ಉಬ್ಬಿರುವ ತಳ ಅದಕ್ಕೆ ಎಡೆಕೊಡುವುದಿಲ್ಲ. ಈ ಜಗಳ ಬಿರುಕಿನಲ್ಲಿ ಮುಗಿಯುತ್ತದೆ. ಗೋಡೆ ಸಮನಾಗಿದ್ದರೆ ಬಟ್ಟಲಿನ ಮೈಯೆಲ್ಲ ಒಟ್ಟಿಗೆ ಒಣಗಿ, ಒಟ್ಟಿಗೆ ಬಾಗಿ, ಒಡೆಯದೆ ನಿಲ್ಲುತ್ತದೆ. ಯಾವ ಕಡೆಗೆ ಬಾಗುವುದೆಂಬುದನ್ನು ಮೊದಲೇ ಹೇಳಬಹುದು. ಒಣಗುವಾಗ ಉಂಗುರಗಳು ತಮ್ಮ ಬಾಗನ್ನು ಬಿಚ್ಚಿಕೊಂಡು ನೇರವಾಗಲು ನೋಡುತ್ತವೆಂದು ನೆನಪಿಟ್ಟರೆ ಸಾಕು. ಬಟ್ಟಲಿನ ಬಾಯಿ ತೊಗಟೆಯ ಕಡೆಗಿದ್ದರೆ ಎರಡು ಪಕ್ಕಗಳು ಮೇಲಕ್ಕೇಳುತ್ತವೆ. ತಿರುಳಿನ ಕಡೆಗಿದ್ದರೆ ಪಕ್ಕಗಳು ತಗ್ಗಿ ಎಳೆಯ ತುದಿಗಳು ಎತ್ತರದಲ್ಲಿ ನಿಲ್ಲುತ್ತವೆ. ಹೀಗೆ ಬಾಯಿ ಎತ್ತ ಮಾಡಬೇಕೆಂಬ ಒಂದು ನಿರ್ಧಾರದಿಂದಲೇ ಮುಂದಿನ ರೂಪವನ್ನು ಅರ್ಧದಷ್ಟು ಆರಿಸಿಕೊಂಡಂತಾಯಿತು. ಉಳಿದರ್ಧ ಮರದ್ದು, ಒಂದು ಗಂಟು, ಎಳೆಯ ಒಂದು ತಿರುವು ಲೆಕ್ಕವನ್ನೆಲ್ಲ ಅತ್ತಿತ್ತ ಮಾಡಬಲ್ಲದು.

ಒಣಗಿಸುವುದಕ್ಕೆ ಅವಸರ ಸಲ್ಲದು. ಬಟ್ಟಲನ್ನು ಬಿಸಿಲಿಗೂ ಗಾಳಿಗೂ ಸಿಗದಂತೆ, ಕಡೆದಾಗ ಬಿದ್ದ ಅದೇ ಸುರುಳಿಗಳಲ್ಲಿ ಹುಗಿದೋ ಕಾಗದದ ಚೀಲದಲ್ಲಿ ಸುತ್ತಿಯೋ ಇಡುತ್ತಾರೆ. ದುಂಡಗಿನ ಪಾತ್ರೆಯೇ ಬೇಕೆನ್ನುವವರಿಗೂ ಒಂದು ದಾರಿಯುಂಟು: ಮೊದಲು ಅಡ್ಡಗಲದ ಹತ್ತರಲ್ಲೊಂದು ಪಾಲು ದಪ್ಪ ಬಿಟ್ಟು ಒರಟಾಗಿ ಕಡೆದು, ತಿಂಗಳುಗಟ್ಟಲೆ ಒಣಗಲು ಬಿಟ್ಟು, ಸೊಟ್ಟಗಾದ ಮೇಲೆ ಎರಡನೆಯ ಸಲ ತಿರುಗಣೆಗೆ ಏರಿಸಿ ದುಂಡಗೆ ಮಾಡುವುದು. ಇದರಲ್ಲಿ ಕಾಲವೂ ಹೆಚ್ಚು, ಬೆಲೆಯೂ ಹೆಚ್ಚು. ಬಯಲುಸೀಮೆಯ ಬೇಸಗೆಯಲ್ಲಂತೂ ಈ ಎಚ್ಚರಿಕೆಗಳೆಲ್ಲ ಇಮ್ಮಡಿಯಾಗಬೇಕು. ಬಾಗಲಕೋಟೆಯ ಸುತ್ತ ವರ್ಷದ ಮಳೆ ಸಾಮಾನ್ಯವಾಗಿ 600 ಮಿಲಿಮೀಟರು ಮುಟ್ಟುವುದಿಲ್ಲ. ಚೈತ್ರ ವೈಶಾಖಗಳ ಗಾಳಿ ತುಟಿಯನ್ನೇ ಒಡೆಯುವಾಗ ಹಸಿಮರವನ್ನು ಬಿಟ್ಟೀತೇ?

ಎಲ್ಲ ಪಾತ್ರೆಗಳೂ ಸೊಟ್ಟಗಾಗಲಿ, ಚಿಂತೆಯಿಲ್ಲವೆಂದು ಹೇಳಿಬಿಟ್ಟರೆ ಅನ್ಯಾಯವಾದೀತು. ಹಿಟ್ಟು ನಾದುವ ಕೊಣಮಿಗೆ ಮೊಟ್ಟೆಯಾಕಾರವಾದರೆ ರೊಟ್ಟಿಯ ರುಚಿ ಕೆಡುವುದಿಲ್ಲ. ಅದೇ ಮರದ ಅಳತೆಯ ಸೇರು ಕುಗ್ಗಿದರೆ? ದಿಮ್ಮಿಯನ್ನು ನಿಲ್ಲಿಸಿ ಒಳಗೆ ತೋಡಿದ ಸೇರನ್ನು ಊಹಿಸಿಕೊಳ್ಳಿ. ಎತ್ತರವೆಂದರೆ ಎಳೆಯ ಉದ್ದ, ಅದು ಕುಗ್ಗದು. ಬಾಯಿಯ ಅಗಲ ಮಾತ್ರ ಎರಡು ದಿಕ್ಕಿಗೂ ಕುಗ್ಗುತ್ತದೆ. ಸಾಗುವಾನಿಯ ಲೆಕ್ಕವನ್ನೇ ಹಿಡಿದರೆ ಒಳಗಿನ ಹಿಡಿತ ನೂರಕ್ಕೆ ಐದರಷ್ಟು ತಗ್ಗಿತು. ಇಪ್ಪತ್ತು ಸೇರು ಜೋಳ ಅಳೆದಾಗ ಒಂದು ಸೇರು ಮಾಯ! ವ್ಯಾಪಾರಿಯ ಕೈ ಶುದ್ಧ, ಅಳೆಯುವವನ ನಾಲಗೆಯೂ ಶುದ್ಧ. ಆದರೂ ಕೊಂಡವರ ಮನೆಯ ಕಣಜಕ್ಕೆ ಒಂದು ಸೇರು ಬಂದು ಮುಟ್ಟಲಿಲ್ಲ. ಬಡವರ ಮನೆಯಲ್ಲಿ ಒಂದು ಸೇರು ಜೋಳವೆಂದರೆ ಒಂದು ಹೊತ್ತಿನ ಊಟದ ಮಾತು. ಅಳತೆಯ ಪಾತ್ರೆಗೆ ಲೋಹವನ್ನು ನಚ್ಚುವುದರ ಹಿಂದೆ ಇಷ್ಟು ಕಾರಣವಾದರೂ ಇದೆ. 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿ ಬಂದು, ಸೇರು ವ್ಯವಹಾರದಿಂದ ಹಿಂದೆ ಸರಿದು ಮಾತಿನಲ್ಲಷ್ಟೇ ಉಳಿದದ್ದು ಓದುಗರಿಗೆ ತಿಳಿದೇ ಇದೆ.

ಇಳಕಲ್ಲಿನ ನೇಕಾರನ ಮನೆಯಲ್ಲಿಯೂ ಸೊಟ್ಟತನಕ್ಕೆ ಕ್ಷಮೆಯಿಲ್ಲ. ಕುಣಿಮಗ್ಗದಲ್ಲಿ ಸಾವಿರಾರು ಹಾಸಿನ ಎಳೆಗಳು ಒಂದೇ ಬಿಗಿಯಲ್ಲಿ ನಿಲ್ಲಬೇಕು. ಸೀರೆಯ ಒಡಲಿನ ಹಾಸಿಗೂ ಸೆರಗಿನ ಕೆಂಪು ರೇಷ್ಮೆಯ ಹಾಸಿಗೂ ಕೊಂಡಿ ಹಾಕಿ ಎಳೆಗೆ ಎಳೆ ಕೂಡಿಸುವುದು ಆ ಊರಿನ ಹೆಚ್ಚುಗಾರಿಕೆ. ನೇಯ್ದ ಬಟ್ಟೆಯನ್ನು ಸುತ್ತಿಕೊಳ್ಳುವ ಮರದ ದಿಂಡು ಹಸಿಯಾಗಿದ್ದು ನಡುವೆ ಬಾಗಿತೆಂದರೆ, ಒಂದು ಬದಿಯ ಎಳೆ ಬಿಗಿದು ಇನ್ನೊಂದು ಬದಿಯದು ಸಡಿಲವಾಗುತ್ತದೆ. ಬಟ್ಟೆಯ ಮೈ ಏರುಪೇರಾಗುತ್ತದೆ. ಬಾಗಿದ ಲಾಳಿ ಹಾದಿ ತಪ್ಪಿ ಹಾಸಿನೊಳಗೆ ನುಗ್ಗಿದರೆ ಹರಿದ ಎಳೆಗಳನ್ನು ಒಂದೊಂದಾಗಿ ಕಟ್ಟುತ್ತ ಅರ್ಧ ದಿನ ಕಳೆಯಬೇಕು. ಅರ್ಧ ದಿನವೆಂದರೆ ಅರ್ಧ ದಿನದ ಗಳಿಕೆ. ಹೀಗಾಗಿ ಮಗ್ಗಕ್ಕೆ ಬೇಕಾದ ಮರ ವರ್ಷಗಟ್ಟಲೆ ಅಟ್ಟದ ಮೇಲೆ ಮಲಗಿ ತನ್ನ ಹಟವನ್ನೆಲ್ಲ ತೀರಿಸಿಕೊಂಡಿರಬೇಕು. ಸೊಟ್ಟ ಕೊಣಮಿಗೆಯನ್ನು ತಾಯಿಯಂತೆ ಕಾಪಾಡುವ ಮನೆಯಲ್ಲಿಯೇ ಸೊಟ್ಟ ಲಾಳಿ ಒಲೆ ಸೇರುವುದು; ಇದರಲ್ಲಿ ವಿರೋಧವೇನೂ ಇಲ್ಲ.

ಕನ್ನಡನಾಡಿನಲ್ಲಿ ತಿರುಗಣೆಯ ಕೆಲಸವೆಂದರೆ ಎಲ್ಲರ ನೆನಪಿಗೂ ಬರುವ ಊರು ಚನ್ನಪಟ್ಟಣ. ಅಲ್ಲಿಯವರು ಮೆಚ್ಚಿದ ಹಾಲೆಮರ ಬಿಳಿಯದು, ಎಳೆ ಸಣ್ಣದು, ಕೈಗೆ ಹಗುರ. ಅದನ್ನು ತುಂಡು ಮಾಡಿ ಒಣಗಿಸಿಟ್ಟೇ ಕಡೆಯುತ್ತಾರೆ. ತಿರುಗುವ ಕೊರಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜುವ ಕಾವಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ಗರಿಯಿಂದ ತೀಡಿ ಹೊಳಪು ತರುತ್ತಾರೆ. ಹಸಿಮರಕ್ಕೆ ಈ ಅರಗಿನ ಅಂಗಿ ಒಗ್ಗದು. ಒಳಗಿನ ಮೈ ಕುಗ್ಗಿದರೆ ಹೊರಗಿನ ಅಂಗಿ ಬಿರಿಯುತ್ತದೆ. ಮಗುವಿನ ಆಟಿಕೆಯ ಉಂಗುರ ಮೊಟ್ಟೆಯಾಕಾರವಾದರೆ ಕೋಲಿಗೆ ಇಳಿಯುವುದೂ ಇಲ್ಲ. ಇಳಕಲ್ಲಿಗೆ ಹೆಚ್ಚು ದೂರವಲ್ಲದ, ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರ ಉಪಾಯ ಇನ್ನೊಂದು ಬಗೆಯದು. ಅವರು ಹಗುರಾದ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಚಿಂದಿ, ಮರದ ಹೊಟ್ಟುಗಳನ್ನು ಕಲಸಿದ ಮೆತ್ತನೆಯ ಲೇಪವನ್ನು ಮೇಲೆ ಬಳಿದು, ಅದರ ಮೇಲೆ ಬಣ್ಣ ಬರೆಯುತ್ತಾರೆ. ಮರದ ಸಂದು ಗೊಂದುಗಳೆಲ್ಲ ಆ ಲೇಪದ ಅಡಿಯಲ್ಲಿ. ಮರದ ಸ್ವಭಾವಕ್ಕೆ ಚನ್ನಪಟ್ಟಣದವರು ಕಾಯುತ್ತಾರೆ, ಕಿನ್ನಾಳದವರು ಹೊದಿಕೆ ಹೊದಿಸುತ್ತಾರೆ.

ಹೊಲದ ದಾರಿಯಲ್ಲಿಯೂ ಇದೇ ಕಥೆ. ಚಕ್ಕಡಿಯ ಗಾಲಿಗೆ ಕೆಂಪಗೆ ಕಾಯಿಸಿದ ಕಬ್ಬಿಣದ ಹಳಿಯನ್ನು ತೊಡಿಸಿ ನೀರು ಹೊಯ್ದರೆ, ಹಳಿ ಕುಗ್ಗಿ ಮರವನ್ನು ಹಿಡಿದುಬಿಡುತ್ತದೆ. ಎರಡು ಬೇಸಗೆ ಕಳೆಯುವುದರೊಳಗೆ ಮರವೂ ಕುಗ್ಗುತ್ತದೆ. ಹಳಿ ಗಿಲಕಿಯಂತೆ ಸದ್ದು ಮಾಡತೊಡಗುತ್ತದೆ. ಆಗ ಒಕ್ಕಲಿಗನು ಗಾಡಿಯನ್ನು ಹಳ್ಳದ ನೀರಿಗೆ ಇಳಿಸಿ ಬಿಡುತ್ತಾನೆ. ಮಲಪ್ರಭೆಯ ದಂಡೆಯವರಿಗೆ ಹೊಳೆಯೇ ಇದೆ. ಬೆಳಗಾಗುವ ಹೊತ್ತಿಗೆ ಮರ ನೀರುಂಡು ಉಬ್ಬಿ ಹಳಿಯನ್ನು ತುಂಬಿಕೊಂಡಿರುತ್ತದೆ. ಅವನು ಜೀವಕೋಶದ ಗೋಡೆಯ ಶಾಸ್ತ್ರ ಓದಿದವನಲ್ಲ; ಗೋಡೆಯನ್ನು ಬಿಟ್ಟುಹೋದ ನೀರು ಗೋಡೆಗೇ ಮರಳಬಲ್ಲದೆಂಬುದನ್ನು ಮಾತ್ರ ಚೆನ್ನಾಗಿ ಬಲ್ಲ.

ಹಸಿಮರದ ಬಟ್ಟಲನ್ನೇ ನಂಬಿ ಬದುಕಿದವರ ಕಥೆ ಬೇಕಾದರೆ ಸ್ವಲ್ಪ ದೂರ ಹೋಗಬೇಕು. ಇಂಗ್ಲೆಂಡಿನ ‘ಮೇರಿ ರೋಸ್’ ಎಂಬ ಯುದ್ಧನೌಕೆ 1545ರಲ್ಲಿ ಮುಳುಗಿತು. ಅದನ್ನು 1982ರಲ್ಲಿ ಮೇಲೆತ್ತಿದರು. ಆ ನೌಕೆಯ ಅವಶೇಷಗಳಲ್ಲಿ ನಾವಿಕರು ಊಟಮಾಡುತ್ತಿದ್ದ ಕಡೆದ ಮರದ ಬಟ್ಟಲುಗಳೂ ಸಿಕ್ಕಿವೆ. ಪಿಂಗಾಣಿ ಅಗ್ಗವಾಗುವ ಮೊದಲು ಆ ನಾಡಿನ ಸಾಮಾನ್ಯರ ಊಟವೆಲ್ಲ ಅಂತಹ ಬಟ್ಟಲುಗಳಲ್ಲಿಯೇ. ಆ ಕಸುಬಿನ ಕೊನೆಯವನೆಂದು ಹೆಸರಾದ ಜಾರ್ಜ್ ಲೇಲಿ, ಬಕಲ್‌ಬರಿ ಎಂಬ ಹಳ್ಳಿಯಲ್ಲಿ ಕಾಲಿನಿಂದ ತುಳಿಯುವ ತಿರುಗಣೆಯ ಮೇಲೆ ಎಲ್ಮ್ ಮರದ ಬಟ್ಟಲುಗಳನ್ನು ಕಡೆಯುತ್ತಿದ್ದ. ತಲೆಯ ಮೇಲೆ ಕಟ್ಟಿದ ಬಳುಕುವ ಗಳು ಹಗ್ಗವನ್ನು ಹಿಂದಕ್ಕೆಳೆಯುತ್ತಿತ್ತು. ಒಂದೇ ದಿಮ್ಮಿಯಿಂದ ಒಂದರೊಳಗೊಂದು ಕೂರುವ ಹಲವು ಬಟ್ಟಲುಗಳನ್ನು ತೆಗೆಯಬಲ್ಲ ಕೈ ಅವನದು. 1958ರಲ್ಲಿ ಅವನು ತೀರಿಕೊಂಡಾಗ ಅವನ ಉಳಿಗಳು ರೆಡಿಂಗಿನ ವಸ್ತುಸಂಗ್ರಹಾಲಯವನ್ನು ಸೇರಿದವು. ಕಲಿಯಲು ಶಿಷ್ಯನಿರಲಿಲ್ಲ. ಮುಂದೆ ಆ ವಿದ್ಯೆಯಲ್ಲಿ ಆಸಕ್ತಿ ಹುಟ್ಟಿದವರು ಗಾಜಿನ ಕಪಾಟಿನೊಳಗಿನ ಆ ಉಳಿಗಳನ್ನು ನೋಡಿ, ಅವುಗಳ ಬಾಯಿ ಯಾಕೆ ಹಾಗೆ ಬಾಗಿದೆಯೆಂದು ಊಹಿಸಿಕೊಂಡು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ಈಗ ಗಾಳಿ ತಿರುಗಿದೆ. ದೊಡ್ಡ ಪಟ್ಟಣಗಳ ಕರಕುಶಲ ಮಳಿಗೆಗಳಲ್ಲಿ, ಹಸಿಯಾಗಿಯೇ ತೆಳ್ಳಗೆ ಕಡೆದು ಅಂಚು ಅಲೆಯಂತೆ ಏರಿಳಿದ ಬಟ್ಟಲುಗಳಿಗೆ ಬೇಡಿಕೆಯಿದೆ. ಒಂದೊಂದು ಒಂದೊಂದು ರೂಪ; ಆ ಕಾರಣಕ್ಕೇ ಬೆಲೆ. ಕೊಳ್ಳುವವರು ಅದರಲ್ಲಿ ಏನನ್ನೂ ನಾದುವುದಿಲ್ಲ, ಹೂವಿನ ಎಸಳನ್ನೋ ಕೀಲಿಕೈಯನ್ನೋ ಇಡುತ್ತಾರೆ. ಅದೇ ಮನೆಯವರು ಊರಿಗೆ ಹೋದಾಗ ಅಜ್ಜಿಯ ಸೊಟ್ಟ ಕೊಣಮಿಗೆಯನ್ನು ಕಂಡು ನಗುವುದೂ ಉಂಟು. ಇದನ್ನು ಆಕ್ಷೇಪಿಸಿ ಫಲವಿಲ್ಲ. ಸ್ಟೀಲಿನ ಪರಾತ ತೊಳೆಯಲು ಸುಲಭ, ಬಿರಿಯದು, ಬಾಗದು. ಇಡೀ ದಿನ ಒಲೆಯ ಮುಂದೆ ಕೂರುವವಳಿಗೆ ಅದು ಬೇಕೆನಿಸಿದರೆ ಬೇಡವೆನ್ನಲು ಹೊರಗಿನವರಾರು? ಆದರೆ ಯಂತ್ರದ ಅಚ್ಚಿನಿಂದ ಬಂದ ದುಂಡಗನ್ನೇ ಕೈಗೆಲಸಕ್ಕೂ ಅಳತೆಗೋಲು ಮಾಡಿಕೊಂಡು ಬಡಿಗನ ಕೂಲಿಯಲ್ಲಿ ಕಡಿತ ಮಾಡುವುದು ಬೇರೆಯ ಮಾತು. ಸಂತೆಯಲ್ಲಿ ಮರದ ಸಾಮಾನು ಹಚ್ಚಿಕೊಂಡು ಕುಳಿತವನಿಗೆ ಪಾತ್ರೆ ಸೊಟ್ಟಗಿದೆಯೆಂದು ಅರ್ಧ ಬೆಲೆ ಕೇಳುವವರು, ಅದು ಹಸಿಮರದ್ದೇ, ಒಣಮರದ್ದೇ, ಎಷ್ಟು ದಿನ ನೆರಳಲ್ಲಿತ್ತು ಎಂದು ಒಂದು ಮಾತು ಕೇಳುವುದು ಅಪರೂಪ. ಕೇಳಿದರೆ ಅವನು ಹೇಳಿಯಾನು. ಬಹುಶಃ ಸಂತೋಷದಿಂದಲೇ ಹೇಳಿಯಾನು.

ಮರದ ಪಾತ್ರೆಯಿರುವ ಮನೆಯವರಿಗೆ ಒಂದೆರಡು ಮಾತು. ತೊಳೆದ ಮೇಲೆ ಬಿಸಿಲಿಗೆ ಒಡ್ಡಬಾರದು. ಒರೆಸಿ ನೆರಳಿನಲ್ಲಿ ಓರೆಯಾಗಿ ನಿಲ್ಲಿಸಬೇಕು. ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕುವುದೂ ಅಷ್ಟೇ ಕೆಟ್ಟದ್ದು. ಆಗಾಗ ಎಣ್ಣೆ ಸವರಿದರೆ ನೀರಿನ ಹೋಗುಬರವು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಎಷ್ಟೇ ಹಳೆಯ ಮರವಾದರೂ ಗಾಳಿಯ ತೇವದೊಡನೆ ಅದರ ಕೊಡುಕೊಳ್ಳುವಿಕೆ ನಡೆದೇ ಇರುತ್ತದೆ. ಗಾಳಿಯ ತೇವ ನೂರಕ್ಕೆ 40ರ ಮಟ್ಟದಲ್ಲಿದ್ದರೆ ಮರದಲ್ಲಿ ಉಳಿಯುವ ನೀರು ನೂರಕ್ಕೆ ಏಳೆಂಟು ಪಾಲು. ಗಾಳಿಯ ತೇವ 75ಕ್ಕೇರಿದರೆ ಅದು 14ರ ಆಸುಪಾಸಿಗೆ ಏರುತ್ತದೆ. ಬೇಸಗೆಯಲ್ಲಿ ಸಲೀಸಾಗಿ ಮುಚ್ಚಿದ ಬಾಗಿಲು ಮಳೆಗಾಲದಲ್ಲಿ ಒದ್ದರೂ ಮುಚ್ಚದಿರುವುದು ಇದರಿಂದಲೇ.

ಬಾಗಲಕೋಟೆಯ ಆ ಅಡಿಗೆಮನೆಯಲ್ಲಿ ಸೊಸೆ ಹಳೆಯ ಇಳಕಲ್ ಸೀರೆಯ ಒಂದು ತುಣುಕನ್ನು ನಾಲ್ಕಾಗಿ ಮಡಿಸಿ ಕೊಣಮಿಗೆಯ ಅಡಿಗೆ ಸೇರಿಸಿದಳು. ಟಕಟಕ ಸದ್ದು ನಿಂತಿತು. ಆಷಾಢದ ಗಾಳಿ ಬೀಸಿ, ಕೃಷ್ಣೆಯ ಹಿನ್ನೀರು ಏರಿ, ಜಿಟಿಜಿಟಿ ಮಳೆ ಹಿಡಿದ ಮೇಲೆ ಒಂದು ಮುಂಜಾನೆ ಆ ತುಣುಕು ತಾನಾಗಿ ಪಕ್ಕಕ್ಕೆ ಸರಿದಿತ್ತು. ಅವಳು ಮತ್ತೆ ಅದನ್ನು ಒಳಗೆ ತೂರಿಸಲು ಹೋದಳು, ಎಡೆಯಿರಲಿಲ್ಲ. ಕೊಣಮಿಗೆ ನೆಲಕ್ಕೆ ಮೈಯೊಡ್ಡಿ ಕುಳಿತಿತ್ತು.

“ಅರಿವಿ ತೊಳದ ಒಣ ಹಾಕು” ಎಂದರು ಅತ್ತೆ. “ದೀಪಾವಳಿ ಆದ ಮ್ಯಾಲ ಮತ್ತ ಬೇಕಾಗತೈತಿ.”